ಊರಿಗೆಲ್ಲ ಹಗ್ಗ ಹೊಸೆದ ಕೆಂಪವ್ವ

ಆಗ ನಾನು ಹತ್ತು ವರ್ಷದ ಹುಡುಗಿ. ಎಪ್ಪತ್ತು ವರ್ಷಕ್ಕೂ ಹಿಂದಿನ ಮಾತು, ಮಹಾರಾಜರ ಕಾಲ. ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವಳು ಕೆಂಪವ್ವ. ಅವಳ ಬಲತೊಡೆಯ ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಗಡುಸಾಗಿತ್ತು. ಗಂಡ ಸತ್ತ ಮೇಲೆ ಆ ತೊಡೆಯ ಮೇಲೆ ಕತ್ತಾಳೆ ನಾರು ಹೊಸೆದೇ ಅವಳು ಬದುಕಿದ್ದು. ದನ ಕಟ್ಟುವ ಕಣ್ಣಿ, ಮೂಗುದಾರ, ಬಾವಿಯ ಹಗ್ಗ, ಏನು ಬೇಕಾದರೂ ಹಲಗೂರಿನ ಕಡೆಯವರು ಕೂಡ ಅವಳ ಜಗಲಿಗೇ ಬರುತ್ತಿದ್ದರು.

ಬಾಯಿಯೂ ಹಗ್ಗದಷ್ಟೇ ಗಡುಸು. ಕಣ್ಣಿ ಕಿತ್ತುಹೋಯಿತು ಅಂತ ದೂರು ತಂದ ಒಬ್ಬ ರೈತನಿಗೆ, "ನನ್ನ ಅಗ್ಗದ್ದೇನೂ ತಪ್ಪಿಲ್ಲ ಕಣ್ಲಾ. ನೀನು ಉಲ್ಲು ಆಕಿಲ್ಲ. ಒಟ್ಟೆ ತುಂಬಿದ್ರೆ ಅದ್ಯಾಕೆ ಕಿತ್ಕತದೆ?" ಅಂದಳು. ಅವನು ಇನ್ನೊಂದು ಕೊಂಡುಕೊಂಡು ಹೋದ.

ಅಂಥವಳು ತನ್ನ ನಾಯಿ ಬಿಳಿಯನ ಕೊರಳಿಗೆ ಒಂದು ಗೇಣು ಹಗ್ಗ ಹಾಕಿರಲಿಲ್ಲ. ಆಗ ಯಾರೂ ನಾಯಿ ಕಟ್ಟುತ್ತಿರಲಿಲ್ಲ. ನಮ್ಮ ಮನೆಯ ಕರಿ ಮರಿಯೂ ಬೀದಿಯಲ್ಲೇ ಬೆಳೆಯುತ್ತಿತ್ತು. ಕೆಂಪವ್ವ ಮುದ್ದೆಯ ಮೊದಲ ತುತ್ತು ಮುರಿದು ಬಿಳಿಯನಿಗೆ ಕೊಡುತ್ತಿದ್ದಳು. ಅದು ಬೇರೆಯವರ ಕೈಯದನ್ನು ಮೂಸುತ್ತಲೂ ಇರಲಿಲ್ಲ.

ಆ ವರ್ಷ ಹುಚ್ಚುನಾಯಿ ಕಾಟ ಹೆಚ್ಚಾಯಿತು. ಸಾಕಿದವರು ನಾಯಿಗೆ ಪಟ್ಟಿ ಹಾಕಿ ಕಟ್ಟಬೇಕು, ಬಿಟ್ಟರೆ ಹೊಡೆದು ಕೊಲ್ಲುತ್ತೇವೆ ಅಂತ ತಮಟೆ ಬಡಿದು ಸಾರಿದರು. ಸಾರುವವನು ಅವಳ ಮನೆ ಮುಂದೆ ನಿಂತು ಎರಡು ಸಲ ಹೇಳಿದ. ಅವಳು ಹೊಸೆಯುವ ಕೈ ನಿಲ್ಲಿಸಲಿಲ್ಲ.

"ದನ ಓಡೋಯ್ತದೆ ಅಂತ ಕಟ್ಟಾಕ್ತಾರೆ. ಇದೆಲ್ಲಿಗೋಯ್ತದೆ? ಇದ್ರ ಗೂಟ ನಾನೇ ಕಣ್ಲಾ."

ನಮ್ಮಪ್ಪನೂ ಹೇಳಿ ನೋಡಿದ. ಮೊದಲು ನಿನ್ನ ಮನೆಯ ಮರಿ ಕಟ್ಟು ಅಂದಳು. ಅಪ್ಪನೂ ಕಟ್ಟಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೆ ಕೆರೆ ಏರಿಯ ಮೇಲೆ ಎಲ್ಲಿಯದೋ ನಾಯಿ ಬಿಳಿಯನ ಕಿವಿ ಕಚ್ಚಿ ಹರಿಯಿತು. ಕೆಂಪವ್ವ ಅರಿಸಿನ ಮೆತ್ತಿ ಮತ್ತೆ ಬಿಟ್ಟಳು.

ತಿಂಗಳು ಕಳೆದಿರಬೇಕು. ನಾನು ಸಗಣಿ ಪುಟ್ಟಿ ಹೊತ್ತುಕೊಂಡು ಬರುತ್ತಿದ್ದೆ. ಬಿಳಿಯ ಬೊಗಳದೆ ಬಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ನಮ್ಮಪ್ಪ ನನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದ. ಡಾಕ್ಟರು ಗಾಯ ತೊಳೆದು, ನಾಯಿಯನ್ನು ಕೊಲ್ಲಬೇಡಿ, ಕಟ್ಟಿಹಾಕಿ ಹತ್ತು ದಿನ ನೋಡಿ ಅಂದರು. ಅದು ಚೆನ್ನಾಗಿದ್ದರೆ ಮಗುವಿಗೆ ಭಯವಿಲ್ಲ, ಹುಚ್ಚು ಕಂಡರೆ ಅವತ್ತೇ ಮೈಸೂರಿಗೆ ಹೋಗಿ ಹೊಟ್ಟೆಗೆ ಸೂಜಿ ಹಾಕಿಸಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಅಂದರು.

ನಾವು ಬರುವ ಹೊತ್ತಿಗೆ ಬೀದಿಯವರು ದೊಣ್ಣೆ ಹಿಡಿದು ಅವಳ ಬಾಗಿಲಲ್ಲಿದ್ದರು. ಕಚ್ಚಿದ ನಾಯಿಯನ್ನು ಅಲ್ಲೇ ಹೊಡೆದು ಹಾಕುವುದು ನಮ್ಮ ಕಡೆಯ ಪದ್ಧತಿ. ಅಪ್ಪ ಡಾಕ್ಟರ ಮಾತು ಹೇಳಿದ. ಕೆಂಪವ್ವ ಒಳಗಿಂದ ಹೊಸ ಕಣ್ಣಿ ತಂದು ಬಿಳಿಯನ ಕೊರಳಿಗೆ ಬಿಗಿದು, ಹಿತ್ತಿಲ ಗೂಟಕ್ಕೆ ಕಟ್ಟಿ, ಅಡ್ಡ ನಿಂತಳು.

"ಇದ ಸಾಯ್ಸುದ್ರೆ ಆ ಮಗ ಸಾಯ್ತದಾ ಉಳೀತದಾ ಅಂತ ನನಗ್ಯಾರು ಏಳ್ತೀರ್ಲಾ?"

ದೊಣ್ಣೆಗಳು ವಾಪಸು ಹೋದವು. ಅವತ್ತಿಂದ ಅವಳು ಹಗ್ಗ ಹೊಸೆಯುವುದೂ ಹಿತ್ತಿಲಲ್ಲೇ, ನಾಯಿಯ ಎದುರಿಗೆ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಯಾಚೆಯಿಂದ ಕೂಗುತ್ತಿದ್ದಳು: "ಇವತ್ತೂ ಮುದ್ದೆ ತಿಂದ ಕಣವ್ವ." ಆ ಕೂಗು ಬಂದ ಮೇಲೇ ನಮ್ಮವ್ವ ಒಲೆ ಹಚ್ಚುತ್ತಿದ್ದಳು. ಮೂರು ದಿನ ಹಾಗೆ ನಡೆಯಿತು.

ನಾಲ್ಕನೆಯ ದಿನ ಕೂಗು ಬರಲಿಲ್ಲ. ನಾನು ಗೋಡೆ ಹತ್ತಿ ನೋಡಿದೆ. ಬಿಳಿಯನ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಕೆಂಪವ್ವ ಕುಕ್ಕರಗಾಲಲ್ಲಿ ಕೂತು ಮುದ್ದೆಯನ್ನು ಅದರ ಬಾಯಿಗೆ ತುರುಕುತ್ತಿದ್ದಳು. ತಿಂದರೆ ಹುಚ್ಚಿಲ್ಲ ಅಂತಲ್ಲವೇ. ಅದು ಅವಳ ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ಅವಳು ಕೈ ಕಿತ್ತುಕೊಂಡು ಸೆರಗು ಸುತ್ತಿದಳು. ಆಗ ನನ್ನನ್ನು ನೋಡಿದಳು.

"ಯಾರ್ಗೂ ಏಳ್ಬ್ಯಾಡ. ಮುದ್ದೆ ಇಕ್ಕಿದ ಕೈ ಇದು, ಇದ್ಕೆ ಅದ್ರ ಇಸ ಅತ್ತೋದಿಲ್ಲ. ನೀನು ಮೊದ್ಲು ಮೈಸೂರಿಗೋಗು."

ಆಮೇಲೆ ನಮ್ಮಪ್ಪನನ್ನು ಕೂಗಿ ನಾಯಿಗೆ ಹುಚ್ಚು ಹಿಡಿದಿದೆ ಅಂದಳು. ನಿನಗೇನಾದರೂ ಕಚ್ಚಿತಾ ಅಂತ ಅಪ್ಪ ಕೇಳಿದ. ಇಲ್ಲ ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅಪ್ಪ ನನ್ನನ್ನು ಹತ್ತಿಸಿದ. ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು.

ಹದಿನಾಲ್ಕು ಸೂಜಿ ಹಾಕಿಸಿಕೊಂಡು ಬಂದೆ. ಬಿಳಿಯ ಸತ್ತಿತ್ತು, ಹೂತಿದ್ದರು. ಕೆಂಪವ್ವ ನನ್ನ ಹೊಟ್ಟೆ ಮುಟ್ಟಿ ನೋಡಿ, ಇನ್ನು ನಿನ್ನ ಗಂಡನೂ ನಿನಗೆ ಹೆದರಬೇಕು ಅಂದಳು. ಅವಳ ಕೈ ವಾಸಿಯಾಗಿತ್ತು. ಅವಳು ಹೇಳಿದ್ದೇ ನಿಜ ಅಂದುಕೊಂಡೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳಿಗೆ ನೀರು ಗಂಟಲಲ್ಲಿ ಇಳಿಯಲಿಲ್ಲ. ಚೆಂಬು ನೋಡಿದರೇ ಮೈ ಎಳೆಯುತ್ತಿತ್ತು. ಡಾಕ್ಟರು ಬಂದು ನೋಡಿ ಇನ್ನು ಮಾಡುವುದೇನೂ ಇಲ್ಲ ಅಂದರು. ಅವಳು ನಮ್ಮಪ್ಪನನ್ನು ಕರೆಸಿದಳು.

"ಅವತ್ತು ಅದ ಕಟ್ಟಾಕ್ಲಿಲ್ಲ. ಇವತ್ತು ನನ್ನ ಕಟ್ಟಾಕಪ್ಪ. ಯಾರ್ಗಾರ ಕಚ್ಬುಟ್ಟೇನು."

ಅಪ್ಪ ಅವಳೇ ಹೊಸೆದ ಹಗ್ಗದಲ್ಲಿ ಅವಳ ಕೈಕಾಲು ಕಂಬಕ್ಕೆ ಕಟ್ಟಿದ. ಗಂಟು ಸಡಿಲ ಅಂತ ಬೈದು ಮತ್ತೆ ಬಿಗಿಸಿಕೊಂಡಳಂತೆ. ಮಕ್ಕಳನ್ನು ಯಾರೂ ಹತ್ತಿರ ಬಿಡಲಿಲ್ಲ. ಮೂರನೆಯ ದಿನ ಸಂಜೆಗೆ ಮುಂಚೆ ಮುಗಿಯಿತು.

ಮಣ್ಣು ಮಾಡಿ ಬಂದ ಅಪ್ಪನಿಗೆ ಆ ಕೈಯ ವಿಷಯ ಹೇಳಿದೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಅವತ್ತೇ ಹೇಳಿದ್ದರೆ ಅವಳೂ ಅದೇ ಬಸ್ಸಿನಲ್ಲಿ ಬರುತ್ತಿದ್ದಳಲ್ಲ ಅಂದ, ಅಷ್ಟೇ. ಅದು ನನಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಎದ್ದು ಕೆಂಪವ್ವನ ಜಗಲಿಗೆ ಹೋದೆ. ಮಾರಲು ತೂಗುಹಾಕಿದ್ದ ಕಣ್ಣಿಗಳು ಹಾಗೇ ಇದ್ದವು. ಒಂದನ್ನು ಬಿಡಿಸಿಕೊಂಡು ಬಂದು ನಮ್ಮ ಕರಿ ಮರಿಯನ್ನು ಗೂಟಕ್ಕೆ ಕಟ್ಟಿದೆ. ಅದು ಮಧ್ಯಾಹ್ನದವರೆಗೂ ಕೂಗಿತು. ನಾನು ಬಿಚ್ಚಲಿಲ್ಲ.