ಗಂಜಿಯಲ್ಲದ ಕಲೆ

ನಾನು ಚಿಕ್ಕವನಿದ್ದಾಗ ಇಳಕಲ್ಲಿನ ನಮ್ಮ ಓಣಿಗೆ ಬೆಳಗಾದರೆ ಗಂಜಿಯ ಹುಳಿ ವಾಸನೆ. ಅಪ್ಪ ಸೀರೆ ನೇಯುತ್ತಿದ್ದ. ಓಣಿಯುದ್ದಕ್ಕೂ ನೂಲು ಎಳೆದು ಕಟ್ಟಿ ಗಂಜಿ ಹಚ್ಚುವಾಗ ನಾನೂ ಕೈ ಹಾಕುತ್ತಿದ್ದೆ. ಹೀಗಾಗಿ ನನ್ನ ಮುಂಗೈ ಮೇಲೆ ಮೇಣದಂತೆ ಹೊಳೆಯುವ ಗಟ್ಟಿ ಕಲೆ ಕಂಡಾಗ, ಅಕ್ಕ ಅದನ್ನು ಒಣಗಿದ ಗಂಜಿ ಎಂದುಕೊಂಡಳು. ಬಿಸಿನೀರು ಸುರಿದು ತೆಂಗಿನ ನಾರಿನಿಂದ ತಿಕ್ಕಿದ್ದೇ ತಿಕ್ಕಿದ್ದು. ಅಯ್ಯಯ್ಯೋ, ಏನು ಉರಿ! ಕಲೆ ಮಾತ್ರ ಹೋಗಲಿಲ್ಲ.

ಬರಬರುತ್ತ ಅದು ಅಗಲವಾಯಿತು. ಚಿವುಟಿದರೆ ಚರ್ಮ ಬೆರಳಿಗೆ ಸಿಗುತ್ತಿರಲಿಲ್ಲ. ನೆರೆಮನೆಯ ಮುದುಕಿ ನೋಡಿ, "ಯವ್ವಾ, ಇದು ದೊಡ್ಡ ರೋಗ ಇದ್ದಂಗ ಐತಿ. ಹುಡುಗನ್ನ ದೂರ ಇಡ್ರಿ" ಎಂದಳು. ದೊಡ್ಡ ರೋಗವೆಂದರೆ ಕುಷ್ಠ. ಅಂದೇ ನನ್ನ ತಾಟು ಬೇರೆಯಾಯಿತು. ಇನ್ನು ನನ್ನನ್ನು ಮನೆಯಿಂದಲೇ ಹೊರಗೆ ಹಾಕುತ್ತಾರೆ ಎಂದು ನನ್ನ ಜೀವ ಹಾರಿಹೋಯಿತು.

ಮರುದಿನ ಅಪ್ಪ, ಅಕ್ಕ ನನ್ನನ್ನು ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದರು. ಬಸ್ಸಿನಲ್ಲಿ ಅಪ್ಪ ನನಗೆ ತಾಗದಂತೆ ಸರಿದು ಕೂತಿದ್ದ. ದಾರಿಯುದ್ದಕ್ಕೂ ನಾನು ಕಿಟಕಿಯ ಸರಳು ಹಿಡಿದುಕೊಂಡೇ ಇದ್ದೆ.

ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, ಕಲೆಯ ಮೇಲೆ ಹತ್ತಿ ಆಡಿಸಿ, "ಗೊತ್ತಾಗತೈತೇನು?" ಎಂದು ಕೇಳಿದರು. ಗೊತ್ತಾಗುತ್ತಿತ್ತು! ಆದರೆ ಹೌದೆಂದರೆ ರೋಗ ಇದೆ ಎಂದಂತೆ ಅಂತ ತಿಳಿದು ನಾನು ಬಾಯೇ ಬಿಡಲಿಲ್ಲ. ಆಗ ಅಪ್ಪ ಬಿಕ್ಕಿದ್ದು ಕೇಳಿಸಿತು. ಅಪ್ಪ ಅತ್ತದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಅಂಜಬ್ಯಾಡೋ ತಮ್ಮಾ, ಗೊತ್ತಾದರ ಚಲೋನ. ಕುಷ್ಠ ಇದ್ದರ ಮುಟ್ಟಿದ್ದು ಗೊತ್ತಾಗೂದಿಲ್ಲ" ಎಂದರು ಡಾಕ್ಟರು.

"ಗೊತ್ತಾಗತೈತ್ರಿ! ಕಚಗುಳಿ ಆಗತೈತ್ರಿ!" ಎಂದು ಚೀರಿಬಿಟ್ಟೆ.

ಅವರು ನನ್ನ ಕೈಕಾಲಿನ ನರಗಳನ್ನೂ ಒತ್ತಿ ನೋಡಿದರು. "ಇದು ಕುಷ್ಠ ಅಲ್ರಿ. ಕೆಲವರಿಗೆ ತೊಗಲು ತಾನ ಹಿಂಗ ಗಟ್ಟಿ ಆಗತೈತಿ. ಮುಟ್ಟಿದರ ಯಾರಿಗೂ ಹತ್ತೂದಿಲ್ಲ. ಕುಷ್ಠ ಇದ್ದರೂ ಔಷಧ ಐತಿ, ಹುಡುಗನ್ನ ಯಾಕ ದೂರ ಇಡ್ತೀರಿ? ನೀನೂ ಇನ್ನ ತಿಕ್ಕಬ್ಯಾಡವ್ವಾ" ಎಂದು ಅಕ್ಕನಿಗೂ ಹೇಳಿದರು.

ಹೊರಗೆ ಬಂದದ್ದೇ ಅಪ್ಪ ನನ್ನ ಕೈ ಹಿಡಿದ. ಬೆವೆತ ಆ ದೊಡ್ಡ ಕೈ ಬಸ್‌ಸ್ಟ್ಯಾಂಡಿನವರೆಗೂ ಬಿಡಲಿಲ್ಲ.

ನಿಮ್ಮ ಕಾಲ ಬೇರೆ, ಮಕ್ಕಳೇ. ಒಂದು ಗುಳ್ಳೆ ಎದ್ದರೂ ನಿಮ್ಮವ್ವ ಫೋನಿನಲ್ಲೇ ಡಾಕ್ಟರಿಗೆ ತೋರಿಸುತ್ತಾಳೆ. ಆದರೂ ಪುಟ್ಟಿ, ನಿನ್ನೆ ನೀನು ಏನೆಂದೆ? ಪಕ್ಕದ ಹುಡುಗಿಯ ಕೈ ಮೇಲೆ ಕಲೆ ಇದೆ, ಅದಕ್ಕೇ ಬೇರೆ ಬೆಂಚಿಗೆ ಹೋದೆ ಅಂದೆಯಲ್ಲ. ಖರೆ ಹೇಳು, ನೀನು ಎದ್ದು ಹೋದಾಗ ಆಕೆಯ ಮುಖ ನೋಡಿದೆಯಾ?