ಕೆಲಪಿಲೆ ಮುಳುಗಿಸಿದ ದೋಣಿ

ಓಕವಾಂಗೊ ನದಿ ಸಮುದ್ರದ ಗೊಡವೆಗೇ ಹೋಗದೆ ಮರಳಿನಲ್ಲಿ ಕಾಲು ಚಾಚಿಕೊಂಡು ಮಲಗುವ ಕಡೆ, ಜೊಂಡಿನ ಮಧ್ಯದ ಒಂದು ಊರಿನಲ್ಲಿ ಕೆಲಪಿಲೆ ಹುಟ್ಟಿದಳು. ಅಲ್ಲಿನ ಮಾತಿನಲ್ಲಿ ಆ ಹೆಸರಿಗೆ ‘ನನಗೆ ಸುಸ್ತಾಗಿದೆ’ ಎಂದರ್ಥ. ಏಳನೆಯ ಹೆರಿಗೆ ಮುಗಿಸಿದ ತಾಯಿ ಇಟ್ಟ ಹೆಸರಾದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ಹೆಸರಿಗೂ ಹೆಂಗಸಿಗೂ ಮಾತ್ರ ಸಂಬಂಧವಿರಲಿಲ್ಲ. ಐವತ್ನಾಲ್ಕರ ವಯಸ್ಸಿನಲ್ಲೂ ಅವಳು ದೋಣಿಯ ಹಿಂತುದಿಯಲ್ಲಿ ನಿಂತು ಗಳ ಊರಿದರೆ ಇಬ್ಬರು ದಪ್ಪ ಪ್ರವಾಸಿಗರು ಮತ್ತು ಅವರ ಮೂರು ಕ್ಯಾಮೆರಾಗಳು ನೈದಿಲೆ ಎಲೆಗಳ ಮೇಲೆ ಜಾರಿಕೊಂಡು ಹೋಗುತ್ತಿದ್ದವು.

ಇಪ್ಪತ್ತು ವರ್ಷಗಳಿಂದ ಅವಳ ಕೆಲಸ ದ್ವೀಪದ ಮೇಲಿನ ಲಾಡ್ಜಿನಲ್ಲಿ. ‘ಇಲ್ಲಿ ನಾವು ಹೆಜ್ಜೆಗುರುತು ಬಿಡುವುದಿಲ್ಲ’ ಎಂದು ಅದರ ಬಾಗಿಲಲ್ಲಿ ಹಲಗೆ ತೂಗುಹಾಕಿದ್ದರು. ಹೆಜ್ಜೆಗುರುತು ಬಿಡದ ಜನರನ್ನು ಹೊತ್ತುಕೊಂಡು ದಿನಕ್ಕೆರಡು ಸಲ ವಿಮಾನ ಬಂದಿಳಿಯುತ್ತಿತ್ತು. ಅದೇ ವಿಮಾನದಲ್ಲಿ ಜೊಹಾನ್ಸ್‌ಬರ್ಗಿನ ಸೊಪ್ಪು, ಎಲ್ಲಿಯದೋ ಸೀಸೆ ನೀರು ಬರುತ್ತಿದ್ದವು. ಒಗೆಯುವ ಬಟ್ಟೆ ಮೌನ್ ಪಟ್ಟಣಕ್ಕೆ ಹಾರಿಹೋಗುತ್ತಿತ್ತು. ಸೌರ ಫಲಕಗಳನ್ನು ಅತಿಥಿಗಳ ಕಣ್ಣಿಗೆ ಬೀಳುವಂತೆ ಮುಂದುಗಡೆ ನಿಲ್ಲಿಸಿದ್ದರು. ಡೀಸೆಲ್ ಜನರೇಟರ್ ಹಿಂದುಗಡೆ, ಜೊಂಡಿನ ತಟ್ಟಿಯ ಮರೆಯಲ್ಲಿ, ಕಂಬಳಿ ಹೊದ್ದುಕೊಂಡು ಕೆಮ್ಮುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಲಾಡ್ಜಿನವರು ಮರ ಉಳಿಸಬೇಕೆಂದು ಹೇಳಿ ಎಲ್ಲರಿಗೂ ಫೈಬರ್ ದೋಣಿ ಕೊಟ್ಟರು. ಕೆಲಪಿಲೆಗೆ ಅದು ಒಪ್ಪಿಗೆಯೇ ಆಯಿತು. ಹಗುರ, ಸೋರುವುದಿಲ್ಲ, ಸೊಂಟಕ್ಕೆ ಸುಖ. ಆನೆ ತೊರಡುಕಾಯಿ ಮರದಲ್ಲಿ ಅವಳಪ್ಪ ಕೆತ್ತಿದ್ದ ಹಳೆಯ ದೋಣಿಯನ್ನು ಮ್ಯಾನೇಜರ್ ಹೆಂಡ್ರಿಕ್ ಕೇಳಿ ಪಡೆದ. ಬಾರಿನ ಮಾಡಿಗೆ ಸರಪಳಿಯಲ್ಲಿ ಕಟ್ಟಿಸಿ, ಅದರೊಳಗೆ ವೈನ್ ಸೀಸೆಗಳನ್ನು ಮಲಗಿಸಿದ. ಅಪ್ಪ ಬದುಕಿನಲ್ಲಿ ಒಂದು ತೊಟ್ಟು ಕುಡಿದವನಲ್ಲ.

ಹೀಗಿರುವಾಗ ಯುರೋಪಿನಿಂದ ತಪಾಸಣೆಗೆ ಒಬ್ಬಾಕೆ ಬರುತ್ತಾಳೆಂಬ ಸುದ್ದಿ ಬಂತು. ಪರಿಸರ ಕಾಪಾಡುವ ಲಾಡ್ಜುಗಳಿಗೆ ಆಕೆಯ ಸಂಸ್ಥೆ ನಕ್ಷತ್ರಗಳ ಬದಲು ಎಲೆಗಳನ್ನು ಕೊಡುತ್ತಿತ್ತು. ಹೆಂಡ್ರಿಕ್‌ನ ಲಾಡ್ಜಿಗೆ ನಾಲ್ಕು ಎಲೆ ಇದ್ದವು. ಐದನೆಯದು ಬೇಕಿತ್ತು. ಎಲೆಯೊಂದಕ್ಕಾಗಿ ಅವನು ನಿದ್ದೆಗೆಟ್ಟಿದ್ದ, ಸುತ್ತ ಕಣ್ಣು ಹಾಯುವಷ್ಟು ದೂರ ಎಲೆಗಳೇ ಇದ್ದರೂ.

ಆಕೆ ಬರುವ ದಿನ ಬೆಳಿಗ್ಗೆ ಅವನು ದೋಣಿಯವರನ್ನೆಲ್ಲ ಕರೆದ. ಅಲ್ಲಿ ಹೆಂಗಸರನ್ನು ‘ಮಾ’, ಗಂಡಸರನ್ನು ‘ರಾ’ ಎಂದು ಕರೆಯುವುದು ಮರ್ಯಾದೆ.

“ಮಾ ಕೆಲಪಿಲೆ, ಆಯಮ್ಮನ್ನ ಪ್ಲಾಸ್ಟಿಕ್ ದೋಣೀಲಿ ಕೂರಿಸಿದ್ರೆ ಚೆನ್ನಾಗಿರಲ್ಲ. ನಿಮ್ಮಪ್ಪನ ದೋಣಿ ಇಳಿಸಿದೀನಿ. ಅದರಲ್ಲೇ ಕರಕೊಂಡು ಹೋಗಿ.”

“ರಾ, ಆ ದೋಣಿ ಹನ್ನೆರಡು ವರ್ಷ ನೀರು ಕಂಡಿಲ್ಲ. ಒಣಗಿ ಸೀಳು ಬಿಟ್ಟಿದೆ. ಮುಳುಗತ್ತೆ.”

“ಸೀಳಿಗೆ ಮೇಣ ತುಂಬಿಸಿದೀನಲ್ಲ. ನೋಡೋಕೆ ಎಷ್ಟು ಲಕ್ಷಣವಾಗಿದೆ.”

“ಲಕ್ಷಣವಾಗೇ ಮುಳುಗತ್ತೆ, ರಾ.”

ಹೆಂಡ್ರಿಕ್ ನಕ್ಕು ಅವಳ ಬೆನ್ನು ತಟ್ಟಿ ಅಡುಗೆಮನೆಯ ಕಡೆ ಹೊರಟ. ಕೆಲಪಿಲೆ ಮನೆಗೆ ಹೋಗಿ ಒಂದು ಪಾತ್ರೆ, ಬೆಂಕಿಪೊಟ್ಟಣ, ಉಪ್ಪು, ನಾಲ್ಕು ಒಣಮೀನು ಗಂಟು ಕಟ್ಟಿಕೊಂಡು ಬಂದಳು. ಅವಳ ಚಿಕ್ಕಮ್ಮನ ಮಗ ಮೊತ್ಸುಮಿ, ಅವನೂ ದೋಣಿಯವನೇ, ಗಂಟು ನೋಡಿ ಹುಬ್ಬೇರಿಸಿದ.

“ಏನಕ್ಕ, ಸಂಸಾರ ಹೂಡೋಕೆ ಹೊರಟಂಗಿದೆ?”

“ಹೊತ್ತು ಆ ತಾಳೆಮರದ ಹಿಂದಕ್ಕೆ ಹೋಗೋವರೆಗೆ ನಾವು ಬರದಿದ್ರೆ ನಿನ್ನ ಪ್ಲಾಸ್ಟಿಕ್ ತಗೊಂಡು ದೊಡ್ಡ ಹುತ್ತದ ಕಡೆ ಬಾ,” ಎಂದಳು ಕೆಲಪಿಲೆ.

ತಪಾಸಣೆಯ ಹೆಂಗಸಿನ ಹೆಸರು ಗುದ್ರುನ್. ಎತ್ತರದ, ಸಾಧುವಾದ, ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು ಎಲ್ಲವನ್ನೂ ಬರೆದುಕೊಳ್ಳುವ ಹೆಂಗಸು. ದೋಣಿಗೆ ಕಾಲಿಡುತ್ತಲೇ ಅದರ ಅಂಚನ್ನು ಸವರಿ “ಇದು ನಿಜವಾದದ್ದು” ಎಂದು ಕಣ್ಣು ಒದ್ದೆ ಮಾಡಿಕೊಂಡಳು. ಅರ್ಧ ಗಂಟೆಯೊಳಗೆ ಉಳಿದದ್ದೂ ಒದ್ದೆಯಾಯಿತು. ಬಿಸಿಲಿಗೆ ಮೇಣ ಕರಗಿ ಸೀಳುಗಳು ಬಾಯಿಬಿಟ್ಟವು. ಎಡಗಡೆ ಎರಡು ನೀರುಕುದುರೆಗಳು ಕಿವಿ ಕೊಡವಿ ಇವರತ್ತ ತಿರುಗಿದವು. ಕೆಲಪಿಲೆ ಪಾತ್ರೆಯನ್ನು ಗುದ್ರುನ್ ಕೈಗೆ ಕೊಟ್ಟು “ಮೊಗೀರಿ, ಮಾ” ಎಂದಷ್ಟೇ ಹೇಳಿ, ತನ್ನ ತೋಳಿನ ಬಲವನ್ನೆಲ್ಲ ಗಳಕ್ಕೆ ಹಾಕಿದಳು. ನೀರುಕುದುರೆ ಮುನಿಸಿಕೊಂಡರೆ ಏನಾಗುತ್ತದೆಂಬುದನ್ನು ಅವಳು ನೋಡಿದ್ದಳು. ಹುತ್ತ ಬೆಳೆದು ದ್ವೀಪವಾಗಿದ್ದ ದಿಬ್ಬಕ್ಕೆ ಮೂಗು ತಾಗಿಸಿದ ಮೇಲೆ ಅಪ್ಪನ ದೋಣಿ ನಿಧಾನವಾಗಿ ಕೆಸರಿನಲ್ಲಿ ಕುಳಿತುಕೊಂಡಿತು.

ಗುದ್ರುನ್ ಬಟ್ಟೆ ಹಿಂಡಿಕೊಂಡಳು. ಕೆಲಪಿಲೆ ಸೊಂಟದ ತನಕ ನೀರಿಗಿಳಿದು ನೈದಿಲೆ ಗೆಡ್ಡೆ ಕಿತ್ತಳು, ಬೆಂಕಿ ಹಚ್ಚಿದಳು, ನೀರು ಮೊಗೆದ ಪಾತ್ರೆ ತೊಳೆದು ಗೆಡ್ಡೆಯನ್ನು ಒಣಮೀನಿನ ಜೊತೆ ಬೇಯಲಿಟ್ಟಳು.

“ಮುಳುಗುತ್ತೆ ಅಂತ ನಿಮಗೆ ಗೊತ್ತಿತ್ತಾ?” ಎಂದಳು ಗುದ್ರುನ್, ಪಾತ್ರೆಯೊಳಗೆ ಬಗ್ಗಿ ನೋಡುತ್ತ.

“ಹೇಳಿದ್ದೆ. ಕೇಳಿಸಿಕೊಳ್ಳೋಕೆ ಅವರಿಗೆ ಪುರುಸೊತ್ತಿರಲಿಲ್ಲ. ನಿಮ್ಮ ಸೊಪ್ಪು ವಿಮಾನದಿಂದ ಇಳೀತಿತ್ತು.”

ಗುದ್ರುನ್ ಪುಸ್ತಕ ಬಿಚ್ಚಿದಳು. ಯಾವ ಸೊಪ್ಪು, ಎಲ್ಲಿಂದ, ಬಟ್ಟೆ ಎಲ್ಲಿಗೆ, ಆ ಕೆಮ್ಮಿನ ಸದ್ದು ಯಾವುದು ಎಂದು ಒಂದೊಂದಾಗಿ ಕೇಳಿದಳು. ಕೆಲಪಿಲೆ ಒಂದೊಂದಾಗಿ ಹೇಳಿದಳು. ಚಾಡಿ ಹೇಳುವ ಇರಾದೆ ಅವಳಿಗಿರಲಿಲ್ಲ. ಊಟಕ್ಕೆ ಕುಳಿತವರು ಕೇಳಿದ್ದಕ್ಕೆ ಸುಳ್ಳು ಹೇಳಿ ಅಭ್ಯಾಸವೂ ಇರಲಿಲ್ಲ. ಗುದ್ರುನ್ ಮೂರು ಸಲ ಬಡಿಸಿಕೊಂಡಳು. ಬಿಸಿಲು ತಾಳೆಮರದ ಹಿಂದೆ ಸರಿದಾಗ ಮೊತ್ಸುಮಿ ಬಂದು ಇಬ್ಬರನ್ನೂ ಕರೆದೊಯ್ದ.

ಎರಡು ತಿಂಗಳ ಮೇಲೆ ವರದಿ ಬಂತು. ತನ್ನ ಕೆಲಸ ಹೋಯಿತೆಂದೇ ಕೆಲಪಿಲೆ ತಿಳಿದಿದ್ದಳು. ಆದರೆ ಹೆಂಡ್ರಿಕ್ ವರದಿಯನ್ನು ಎದೆಗೊತ್ತಿಕೊಂಡು ಓಡಿ ಬಂದ. ಐದನೆಯ ಎಲೆ ಸಿಕ್ಕಿತ್ತು. ವಿಮಾನ, ಡೀಸೆಲ್, ಒಗೆಯುವ ಬಟ್ಟೆ ಎಲ್ಲ ಸೇರಿ ಕೊನೆಯ ಪುಟದಲ್ಲಿ ‘ಸುಧಾರಣೆಗೆ ಅವಕಾಶವಿದೆ’ ಎಂಬ ಒಂದು ಸಾಲಾಗಿದ್ದವು. ಉಳಿದ ಒಂಬತ್ತು ಪುಟ ಮುಳುಗಿದ ದೋಣಿಗೂ ನೈದಿಲೆ ಗೆಡ್ಡೆಗೂ ಮೀಸಲು. ‘ನೆಲದೊಂದಿಗೆ ಬೆರೆಯುವ ಅಪೂರ್ವ ಅನುಭವ’ ಎಂದು ಬರೆದಿತ್ತು.

“ಮಾ ಕೆಲಪಿಲೆ, ಇನ್ಮೇಲೆ ವಾರಕ್ಕೆರಡು ಸಲ ಮುಳುಗಬೇಕು. ಮಂಗಳವಾರ, ಶುಕ್ರವಾರ. ಜನ ಈಗಾಗಲೇ ಕೇಳ್ತಿದಾರೆ.”

“ಅವತ್ತು ನೀರುಕುದುರೆ ದೊಡ್ಡ ಮನಸ್ಸು ಮಾಡ್ತು, ರಾ. ಮಂಗಳವಾರ, ಶುಕ್ರವಾರ ಅದಕ್ಕೆ ಗೊತ್ತಾಗಲ್ಲ. ನಾನು ಒಲ್ಲೆ.”

ಮೊತ್ಸುಮಿಯೂ ಒಲ್ಲೆನೆಂದ. ಉಳಿದವರಿಗೆ ಆ ದಿನಗಳಲ್ಲೇ ಬೆನ್ನುನೋವು ಕಾಣಿಸಿಕೊಂಡಿತು. ಕಡೆಗೆ ಹೆಂಡ್ರಿಕ್ ಮುಳುಗಿದ್ದ ದೋಣಿಯನ್ನು ಕೆಸರಿನಿಂದ ಎತ್ತಿಸಿ ತಾನೇ ಗಳ ಹಿಡಿದ. ದಡದಲ್ಲಿ ಹನ್ನೊಂದು ಜನ ಅತಿಥಿಗಳು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಹತ್ತು ಮಾರು ಹೋಗುವುದರೊಳಗೆ ಗಳ ಕೆಸರಿನಲ್ಲಿ ಸಿಕ್ಕಿಕೊಂಡಿತು. ದೋಣಿ ಮುಂದೆ ಹೋಯಿತು. ಹೆಂಡ್ರಿಕ್ ಗಳಕ್ಕೆ ಜೋತುಬಿದ್ದವನು ಕ್ಷಣ ಹೊತ್ತು ಹಾಗೆಯೇ ನೇತಾಡಿ, ಆಮೇಲೆ ಗಳದೊಂದಿಗೆ ಮೆಲ್ಲಗೆ ಬಾಗಿ ಎದೆಮಟ್ಟದ ಕೆಸರಿಗೆ ಇಳಿದುಹೋದ. ಅತಿಥಿಗಳು ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮವೆಂದು ತಿಳಿದಿದ್ದರು. ಅವನು ಸಹಾಯಕ್ಕೆ ಕೂಗಿದಷ್ಟೂ ಇನ್ನಷ್ಟು ತಟ್ಟಿದರು. ಅವನನ್ನು ಎಳೆದು ಹಾಕಿದವಳು ಕೆಲಪಿಲೆಯೇ.

“ಆಯ್ತಾ, ರಾ, ನೆಲದ ಜೊತೆ ಬೆರೆತಿದ್ದು?” ಎಂದು ಕೇಳಿದಳು, ಅವನ ಕಿವಿಯ ಕೆಸರು ಒರೆಸುತ್ತ.

ಮರುವಾರ ಊರಿನ ಮುಖ್ಯಸ್ಥನ ಕಟ್ಟೆಯ ಮುಂದೆ ಸಭೆ ಸೇರಿತು. ದ್ವೀಪ ಊರಿನದು, ಲಾಡ್ಜಿಗೆ ಗುತ್ತಿಗೆಗೆ ಕೊಟ್ಟದ್ದು. ಗುತ್ತಿಗೆ ನವೀಕರಣವಾಗುವ ವರ್ಷ ಅದು. ಕೆಲಪಿಲೆ ಸಭೆಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. ಅಂದು ಎದ್ದು ಎರಡೇ ಮಾತು ಹೇಳಿದಳು. ಯಾವ ದೋಣಿ ನೀರಿಗಿಳಿಯಬೇಕೆಂಬುದು ಗಳ ಹಿಡಿದವರ ತೀರ್ಮಾನವಾಗಬೇಕು. ಅಡುಗೆಮನೆ ಊರಿನ ಕುಂಬಳ, ಮೀನು, ಗೆಡ್ಡೆ ಕೊಳ್ಳಬೇಕು. ಮುದುಕರು ತಲೆದೂಗಿದರು. ಹೆಂಡ್ರಿಕ್ ಟೋಪಿ ತಿರುಗಿಸುತ್ತ ಕುಳಿತು, ಸಹಿ ಹಾಕಿದ.

ಸೊಪ್ಪಿನ ಪೆಟ್ಟಿಗೆಗಳು ಕಡಿಮೆಯಾದವು. ಒಂದು ಮಧ್ಯಾಹ್ನ ಅಡುಗೆಯ ಮುಖ್ಯಸ್ಥ ಅವಳನ್ನು ಕರೆಸಿ, ತಾನು ಮಾಡಿದ ನೈದಿಲೆ ಗೆಡ್ಡೆಯ ಹೊಸ ಖಾದ್ಯವನ್ನು ಅವಳ ಮುಂದಿಟ್ಟ. ಬಂಡಿಯ ಚಕ್ರದಷ್ಟು ಅಗಲದ ತಟ್ಟೆ. ಮಧ್ಯೆ ಮೂರು ಬಿಲ್ಲೆ ಗೆಡ್ಡೆ, ಮೇಲೊಂದು ಹೂವಿನ ಎಸಳು. ಕೆಲಪಿಲೆ ಮೂರನ್ನೂ ಒಂದೇ ತುತ್ತಿಗೆ ಮುಗಿಸಿದಳು.

“ರುಚಿಯಾಗಿದೆ ಕಣಪ್ಪ. ಪಾತ್ರೆ ಎಲ್ಲಿಟ್ಟಿದೀಯ?”