ಅವ್ವನ ಎದೆಯ ಭಂಡಾರ

ನನ್ನ ಅವ್ವ ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ, ಆ ಗೋದಾಮಿನ ಧೂಳಿನ ನಡುವೆ, ಮೂವತ್ತು ವರ್ಷ ಜರಡಿ ಹಿಡಿದವಳು. ಕಳೆದ ಶ್ರಾವಣದಲ್ಲಿ ನ್ಯುಮೋನಿಯಾ ಆಯಿತು. ಊರಿನ ಔಷಧಿಗೆ ಶ್ವಾಸಕೋಶದ ಬಾವು ಇಳಿಯಲಿಲ್ಲ. "ಕಸ್ತೂರಿ" ಎಂದು ನನ್ನನ್ನು ಕರೆಯಲು ಅವಳಿಗೆ ಎರಡು ಉಸಿರು ಬೇಕಾಗುತ್ತಿತ್ತು.

ಕೊಲ್ಹಾಪುರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಔಷಧಿಯ ಜೊತೆಗೆ ಎದೆಯ ಮೇಲೆ ಸಣ್ಣ ಲೇಸರ್ ಬೆಳಕು ಹಿಡಿಸುತ್ತೇವೆ ಎಂದರು ಡಾಕ್ಟರು. "ಸುಡಂಗಿಲ್ಲ, ಕೊಯ್ಯಂಗಿಲ್ಲ. ಬಾವು ಇಳಿತೈತೇನು ನೋಡೂಣು. ಎಲ್ಲಾರಿಗೂ ಹತ್ತತೈತಿ ಅಂತ ಮಾತ್ರ ನಾ ಹೇಳಂಗಿಲ್ರಿ."

ಮಾಯಕ್ಕ ತಾಯಿಯ ಭಕ್ತರೇ, ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ನಾವು ಚಿಂಚಲಿಯ ದೇವಿ ಮಾಯಕ್ಕನ ಒಕ್ಕಲು. ದಿನಾ ಬೆಳಿಗ್ಗೆ ದೇವಿಯ ಭಂಡಾರ, ಆ ಅರಿಷಿಣ ಪುಡಿಯನ್ನು, ಅವ್ವನ ಎದೆ ತುಂಬ ದಪ್ಪಗೆ ಬಳಿಯುತ್ತಿದ್ದೆ.

"ಅಕ್ಕಾರ, ಇದನ್ನ ಒರಸ್ರಿ. ಬೆಳಕ ಒಳಗ ಹೋಗಂಗಿಲ್ಲ, ಧೂಳಿಗೆ ಕೆಮ್ಮೂ ಹೆಚ್ಚಾಗಾಕತ್ತೈತಿ" ಎಂದಳು ನರ್ಸಮ್ಮ.

"ದೇವಿ ಭಂಡಾರ ಮುಟ್ಟಿದ್ರ ನೋಡ್ರಿ ಮತ್ತ!" ಎಂದು ಜಗಳಕ್ಕೇ ಬಿದ್ದೆ. ಪಾಪ, ಆಕೆ ಭಂಡಾರದ ಮೇಲೆಯೇ ಬೆಳಕು ಹಿಡಿಸಿದಳು. ಎಂಟು ದಿನವಾದರೂ ಗುಣ ಕಾಣಲಿಲ್ಲ. ಅವ್ವ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಮಂಗಳವಾರ ಬಸ್ಸು ಹಿಡಿದು ಚಿಂಚಲಿಗೆ ಹೋಗಿ, ಗುಡಿಯಲ್ಲಿ ಬಾಯಿಬಿಟ್ಟು ಅತ್ತೆ. "ಏನ ಮಾಯವ್ವಾ, ಕಣ್ಣ ಮುಚ್ಚಿ ಕುಂತಿ ಏನ? ಅವ್ವಗ ಉಸರ ಕೊಡು, ಇಲ್ಲಾ ನನ್ನ ತಪ್ಪರೆ ತೋರಸು!"

ಸಂಜೆ ಹೊಸ ಭಂಡಾರ ಕಟ್ಟಿಕೊಂಡು ವಾರ್ಡಿಗೆ ಬಂದರೆ, ಅವ್ವ ಒದ್ದೆ ಸೆರಗಿನಿಂದ ತಾನೇ ಎದೆ ಒರೆಸಿಕೊಳ್ಳುತ್ತಿದ್ದಳು. ನನ್ನ ಕೈ ಹಿಡಿದಳು.

"ಮೂವತ್ತ ವರ್ಷ... ಧೂಳ ನುಂಗೇನಿ ಮಗಳ. ತಾಯಿ ಹೆಸರ್ಲೆ... ಮತ್ತ ಧೂಳ ಹಾಕಬ್ಯಾಡ. ಆ ಬೆಳಕೂ... ಆಕೀದ ಅಲ್ಲೇನ?"

ಹೊಸ ಭಂಡಾರದ ಗಂಟನ್ನು ಬಿಚ್ಚದೆ ಬದಿಗಿಟ್ಟೆ. ಗುಡಿಯಲ್ಲಿ ಕೇಳಿದ್ದಕ್ಕೆ ಉತ್ತರ ಬಂದಿತ್ತು. ಹೋಗಿ ನರ್ಸಮ್ಮನಿಗೆ ತಪ್ಪಾಯಿತೆಂದೆ.

ಎರಡು ವಾರದಲ್ಲಿ ಬಾವು ಇಳಿಯಿತು. ಔಷಧಿಯಿಂದಲೋ ಬೆಳಕಿನಿಂದಲೋ ಡಾಕ್ಟರೂ ಖಚಿತ ಹೇಳಲಿಲ್ಲ. ನನಗೆ ಎರಡೂ ತಾಯಿಯ ಕೈಯೇ. ಆದರೆ ತಂಬಾಕಿನ ಧೂಳು ತಿಂದುಹಾಕಿದ ಶ್ವಾಸಕೋಶ ಮರಳಿ ಬಾರದು. ಅವ್ವ ಇಂದಿಗೂ ನಾಲ್ಕು ಹೆಜ್ಜೆ ನಡೆದರೆ ಕೂರುತ್ತಾಳೆ. ಅದರ ಮೇಲೆ ನನ್ನ ಹಟಕ್ಕೆ ಅಷ್ಟು ದಿನ ಹಾಳಾದವು.

ಮೊನ್ನೆ ಅವಳನ್ನು ಚಿಂಚಲಿಗೆ ಕರೆದೊಯ್ದೆ. ಜನ ಮುಷ್ಟಿಗಟ್ಟಲೆ ಭಂಡಾರ ತೂರುತ್ತಿದ್ದರು. ನಾವು ದೂರ ಬೇವಿನ ಗಿಡದ ಕೆಳಗೆ ನಿಂತೆವು. ಅವ್ವನ ಹಣೆಗೆ ಒಂದೇ ಚಿಟಿಕೆ ಹಚ್ಚಿದೆ. ಅವಳು ಕೈ ಮುಗಿದು, ಜಯಕಾರ ಹಾಕುತ್ತ, "ಮಾಯಕ್ಕನ ಹೆಸರ್ಲೆ ಚಾಂಗಭಲೆ!" ಎಂದಳು, ಒಂದೇ ಉಸಿರಿನಲ್ಲಿ.